ಬೇಗ ಚೇತರಿಸಿಕೊಂಡವಳು

ಮಣಿನಗರದ ನಮ್ಮ ಆಸ್ಪತ್ರೆಗೆ ಹೊಸ ಸರ್ಜನ್ ಬಂದ ಮೇಲೆ ನಾವು ನರ್ಸುಗಳು ಕಲಿತದ್ದನ್ನೆಲ್ಲ ತಿರುವಿ ಹಾಕಬೇಕಾಯಿತು. ಹೊಟ್ಟೆಯ ಆಪರೇಷನ್ ಆದವರಿಗೆ ಗ್ಯಾಸ್ ಹೋಗುವವರೆಗೆ ತೊಟ್ಟು ನೀರೂ ಇಲ್ಲ, ಹಾಸಿಗೆ ಬಿಟ್ಟು ಏಳುವಂತಿಲ್ಲ ಎಂದು ಬಾಯಿಪಾಠ ಮಾಡಿದ್ದವರು ನಾವು. ಅದೇ ಸಂಜೆ ನೀರು ಕುಡಿಸಿ, ಮರುದಿನ ಬೆಳಿಗ್ಗೆ ನಡೆಸಿ ಎಂದರು ಇವರು. ರೋಗಿಗಳ ಮನೆಯವರು ನಮ್ಮನ್ನು ರಾಕ್ಷಸಿಯರನ್ನು ನೋಡಿದಂತೆ ನೋಡುತ್ತಿದ್ದರು. ನಾನು ಮೊದಲೇ ಹಟಮಾರಿ. ಬೈಸಿಕೊಂಡಷ್ಟೂ ಹುರುಪು ಬರುತ್ತಿತ್ತು.

ಆಗ ಬಂದವಳು ಧಾರವಾಡದ ಕಡೆಯ ಹೆಂಗಸು, ರೈಲ್ವೆ ನೌಕರರೊಬ್ಬರ ಹೆಂಡತಿ. ಗರ್ಭಕೋಶ ತೆಗೆದಿದ್ದರು. ಹೊರರಾಜ್ಯದ ಆ ವಾರ್ಡಿನಲ್ಲಿ ಕನ್ನಡ ಬರುತ್ತಿದ್ದವಳು ನಾನೊಬ್ಬಳೇ, ಹಾಗಾಗಿ ನನ್ನ ಪಾಲಿಗೇ ಬಂದಳು. ಮರುದಿನ ಎಬ್ಬಿಸಲು ಹೋದರೆ ಕೈ ಹಿಡಿದುಕೊಂಡಳು.

"ಇನ್ನೊಂದೆರಡು ದಿನ ಮಲ್ಕೊಳಿಕ್ಕೆ ಬಿಡ್ರಿ ಸಿಸ್ಟರ್. ಮದುವಿ ಆದಾಗಿಂದ ಹಗಲಿನ್ಯಾಗ ಹಿಂಗ ಮಲಗಿದ್ದೇ ಇಲ್ಲ."

ನೋವಿಗೆ ಹೆದರಿ ನೆಪ ಹೇಳುತ್ತಿದ್ದಾಳೆ ಅಂದುಕೊಂಡೆ. ನಗಿಸುತ್ತಾ ಗದರುತ್ತಾ ನಡೆಸಿಯೇಬಿಟ್ಟೆ. ಸಂಜೆಯ ಹೊತ್ತಿಗೆ ಕಾರಿಡಾರಿನ ಆ ತುದಿಯವರೆಗೂ ಹೋಗಿಬಂದಳು. ಸರ್ಜನ್ ಎಲ್ಲರೆದುರು ನನ್ನನ್ನು ಹೊಗಳಿದರು, ಉಬ್ಬಿಹೋದೆ. ಹಿಂದೆಲ್ಲ ವಾರಗಟ್ಟಲೆ ಆಸ್ಪತ್ರೆಯಲ್ಲಿ ಇರಬೇಕಾಗುತ್ತಿದ್ದ ಆಪರೇಷನ್ನಿಗೆ ಮೂರನೆಯ ದಿನವೇ ಡಿಸ್ಚಾರ್ಜ್ ಬರೆದರು.

ಕರೆದೊಯ್ಯಲು ಅತ್ತೆ ಬಂದಿದ್ದರು. ನಿಧಾನಕ್ಕೆ ನಡೆಯಲಿ, ಆದರೆ ಒಂದೂವರೆ ತಿಂಗಳು ಭಾರ ಎತ್ತಬಾರದು, ಬಗ್ಗಿ ಕೆಲಸ ಮಾಡಬಾರದು ಎಂದು ತಿಳಿಹೇಳಿದೆ. ಅವರು ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನನಗ ಆಪರೇಷನ್ ಆದಾಗ ಹದಿನೈದು ದಿನ ಹಾಸಿಗಿ ಬಿಟ್ಟು ಎದ್ದಿರಲಿಲ್ರಿ. ಇಕಿಗೇನಾಗೇದ? ಓಡಾಡ್ಲಿಕ್ಕೆ ಹತ್ಯಾಳ. ಅಡಿಗಿಗಂತ ಒಬ್ಬಾಕಿನ್ನ ಇಟ್ಕೊಂಡಿದ್ವಿ, ನಾಳಿಂದ ಬ್ಯಾಡ ಅಂತ ಹೇಳ್ತೀನಿ."

"ಒಳಗಿನ ಗಾಯ ಇನ್ನೂ ಹಸಿ ಇದೆ ಅಮ್ಮಾ" ಎಂದೆ.

"ನೀವೇ ನಡಿಸೀರಲ್ರಿ!"

ಹೊಸ ಪದ್ಧತಿ ಸರಿಯಾಗಿಯೇ ಇತ್ತು, ಈಗಲೂ ಯಾರು ಕೇಳಿದರೂ ಹಾಗೇ ಹೇಳುತ್ತೇನೆ. ಆದರೆ ಮಲಗಿದವರನ್ನು ಮಾತ್ರ ಕಾಯಿಲೆಯವರೆಂದು ನಂಬುವ ಮನೆಗಳಿಗೆ ಏನು ಮಾಡಬೇಕೆಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ರಿಕ್ಷಾ ಹತ್ತುವ ಮೊದಲು ಅವಳು ನನ್ನ ಕಡೆ ತಿರುಗಿದಳು. ಬೈಯುತ್ತಾಳೆಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು.

"ನಿಮ್ಮ ತಪ್ಪಿಲ್ರಿ ಸಿಸ್ಟರ್," ಎಂದಳು. "ನಾನೇ ಅಷ್ಟು ಛಲೋ ನಡೀಬಾರದಿತ್ತು."