ನಗು ಕಂಡರೆ ಕ್ಲಿಕ್ಕಿಸುವ ಕ್ಯಾಮೆರಾ

ನನ್ನದು ಅಂತ ತೋರಿಸಬಹುದಾದ ಒಂದು ಒಳ್ಳೆಯ ಫೋಟೋ ನನ್ನ ಹತ್ತಿರ ಇಲ್ಲ. ಕಂಡವರ ದನಿ, ನಡಿಗೆ, ಕೆಮ್ಮು ಎಲ್ಲವನ್ನೂ ಅನುಕರಿಸುವ ಚಾಳಿ ಬಿದ್ದವನ ಮುಖ ಎಂದೂ ತನ್ನ ಜಾಗದಲ್ಲಿ ಇರುವುದಿಲ್ಲ. ಅಕ್ಕನ ಮದುವೆಯ ಆಲ್ಬಮ್ಮಿನಲ್ಲಿ ನಾನು ಪುರೋಹಿತರ ಹಾಗೆ ಮೂಗು ಹಿಗ್ಗಿಸಿಕೊಂಡಿದ್ದೇನೆ. ಕಾಲೇಜಿನ ಗುಂಪು ಫೋಟೋದಲ್ಲಿ ಪ್ರಿನ್ಸಿಪಾಲರ ಹಾಗೆ ಗದ್ದ ಎತ್ತಿದ್ದೇನೆ. ಪಕ್ಕದಲ್ಲೇ ಅವರೂ ಎತ್ತಿದ್ದಾರೆ. ಹೀಗಾಗಿ ಕ್ಯಾಮೆರಾ ಎಂದರೆ ನನಗೆ ಸಹೋದ್ಯೋಗಿಯ ಮೇಲಿರುವಂಥ ಕುತೂಹಲ. ಅದೂ ನನ್ನ ಹಾಗೆಯೇ ಎದುರಿಗಿದ್ದವರನ್ನು ಒಳಕ್ಕೆ ತೆಗೆದುಕೊಂಡು, ಕೊಂಚ ಕೆಡಿಸಿ, ವಾಪಸು ಕೊಡುತ್ತದೆ. ಎಷ್ಟು ಕಡಿಮೆ ಕೆಡಿಸುತ್ತದೆ ಎಂಬುದಕ್ಕೆ ಅಂಗಡಿಯವರು ಕ್ವಾಲಿಟಿ ಎನ್ನುತ್ತಾರೆ.

ಈ ಕುತೂಹಲಕ್ಕೆ ಕೆಲಸ ಸಿಕ್ಕಿದ್ದು ದೊಡ್ಡಪ್ಪನ ಅರವತ್ತರ ಶಾಂತಿಯಿಂದ. ದೊಡ್ಡಪ್ಪ ಅರಸೀಕೆರೆ ಸ್ಟೇಷನ್ನಿನ ಟಿಕೆಟ್ ಕೌಂಟರಿನಲ್ಲಿ ಕೂತವರು. ಗಾಜಿನ ತೂತಿನಾಚೆಯ ದನಿಗಳಿಗೆ ವರ್ಷಗಟ್ಟಲೆ "ಎಲ್ಲಿಗೆ?" ಎಂದು ಕೇಳಿ ಕೇಳಿ, ಅವರ ಮುಖದ ಭಾವಗಳೆಲ್ಲ ಒಂದೊಂದಾಗಿ ಬೇರೆ ಊರಿಗೆ ಟಿಕೆಟ್ ತೆಗೆದುಕೊಂಡು ಹೋಗಿಬಿಟ್ಟಿದ್ದವು. ಮದುವೆಯ ಫೋಟೋದಿಂದ ಆಧಾರ್ ಕಾರ್ಡಿನ ತನಕ ಒಂದೇ ಮುಖ. ದೊಡ್ಡಮ್ಮನಿಗೋ ಶಾಂತಿಯ ಆಮಂತ್ರಣ ಪತ್ರಿಕೆಯಲ್ಲಿ ಇಬ್ಬರ ಫೋಟೋ ಹಾಕಿಸಬೇಕು, ಅದರಲ್ಲಿ ಅವರು ನಗುತ್ತಿರಬೇಕು.

"ನಾನು ಜಗಳಗಂಟಿ, ಅದಕ್ಕೇ ಇವರು ಹೀಗಿದಾರೆ ಅಂತ ನೆಂಟರೆಲ್ಲ ಅಂದ್ಕೊಂಡಿದಾರೆ ಕಣೋ," ಎಂದರು. "ಮನೇಲಿ ನಗ್ತಾರೆ. ನಾನು ನೋಡಿದೀನಿ. ಸಾಕ್ಷಿ ಇಲ್ಲ, ಅಷ್ಟೆ."

ಮೊದಲು ಫೋನಿನಲ್ಲಿ ತೆಗೆದೆ. ಅದು ಯಾರನ್ನೂ ಕೇಳದೆ ದೊಡ್ಡಮ್ಮನಿಗೆ ಸುಣ್ಣ ಬಳಿದು ಮೂವತ್ತು ವರ್ಷ ಇಳಿಸಿತು. "ಇವಳ್ಯಾರೋ ನಿಮ್ಮ ದೊಡ್ಡಪ್ಪನ ಪಕ್ಕ?" ಎಂದು ದೊಡ್ಡಮ್ಮ ಫೋನನ್ನು ಹಿಂದಿರುಗಿಸಿದರು. ಆಗ ಬೀರುವಿನಿಂದ ಹೊರಬಂದದ್ದು ಚಿಕ್ಕಪ್ಪನ ಹಳೆಯ ಡಿಜಿಟಲ್ ಕ್ಯಾಮೆರಾ. ಸೋಪಿನ ಡಬ್ಬಿಯಷ್ಟಿದೆ. ಬೆಂಗಳೂರಿನ ಹುಡುಗರು ಈಗ ಇಂಥದ್ದನ್ನೇ ಹುಡುಕಿಕೊಂಡು ಅಲೆಯುತ್ತಾರಂತೆ. ಹಿಂದುಳಿದಿದ್ದರಿಂದಲೇ ನಾವು ಮುಂದಿದ್ದೆವು. ಅದಕ್ಕೊಂದು ವಿದ್ಯೆಯೂ ಗೊತ್ತಿತ್ತು: ನಗುವ ಮುಖ ಕಂಡರೆ, ಗುಂಡಿ ಒತ್ತದಿದ್ದರೂ ತಾನೇ ಕ್ಲಿಕ್ಕಿಸುವುದು. ಸೋಮವಾರ ಪತ್ರಿಕೆ ಪ್ರೆಸ್ಸಿಗೆ ಹೋಗಬೇಕು. ಭಾನುವಾರ ಬೆಳಿಗ್ಗೆ ಮೂವರೂ ಬೇಲೂರಿನ ಬಸ್ಸು ಹತ್ತಿದೆವು. ಕಲ್ಲನ್ನೇ ನಗಿಸಿದ ಊರಿಗೆ ದೊಡ್ಡಪ್ಪ ಯಾವ ಲೆಕ್ಕ ಎಂಬುದು ನನ್ನ ವಾದ.

ಬೇಲೂರಿನ ಗುಡಿಯ ಬಾಗಿಲ ಪಕ್ಕದಲ್ಲಿ ಸಳ ಸಿಂಹವನ್ನು ಇರಿಯುತ್ತಿದ್ದಾನಲ್ಲ, ಅಲ್ಲಿ ಇಬ್ಬರನ್ನೂ ನಿಲ್ಲಿಸಿದೆ. ಕ್ಯಾಮೆರಾದ ಹಳದಿ ಚೌಕ ದೊಡ್ಡಪ್ಪನ ಮುಖದ ಮೇಲೆ ಒಂದು ಕ್ಷಣ ಕೂತಿತು. ಇಲ್ಲಿ ಏನೂ ಗಿಟ್ಟುವುದಿಲ್ಲವೆಂದು ಎದ್ದು ಹೋಗಿ ಸಿಂಹದ ಹಲ್ಲಿನ ಮೇಲೆ ನಿಂತು, ಕ್ಲಿಕ್ ಎಂದಿತು. ಇರಿತ ತಿಂದು ಸಾಯುತ್ತಿರುವ ಪ್ರಾಣಿ ಅದರ ಲೆಕ್ಕದಲ್ಲಿ ನಗುತ್ತಿತ್ತು. ಬೈಯುವ ಹಾಗಿಲ್ಲ; ಹಲ್ಲು ಕಂಡರೆ ನಗು ಎಂದುಕೊಂಡು ಮೋಸ ಹೋದವರಲ್ಲಿ ನಾನೂ ಒಬ್ಬ.

ಗುಡಿಯೊಳಗೆ ನವರಂಗದ ಕತ್ತಲಲ್ಲಿ ತೆಗೆದರೆ ಇಬ್ಬರ ಮುಖದ ಮೇಲೂ ರಾಗಿ ಚೆಲ್ಲಿದಂತೆ ಕಾಳು ಕಾಳು. ಝೂಮ್ ಮಾಡಿ ಮದನಿಕೆಯನ್ನು ಹತ್ತಿರಕ್ಕೆಳೆದರೆ, ಶಿಲ್ಪಿ ಅಷ್ಟು ಕಷ್ಟಪಟ್ಟು ಬಿಡಿಸಿದ ಬೆರಳುಗಳೆಲ್ಲ ಅಂಟಿಕೊಂಡು ಅಂಬಲಿ. ಪ್ರತಿ ಸಲವೂ ನಾನು ಹುಬ್ಬು ಎರಡನ್ನೂ ಹಣೆಯ ತನಕ ಏರಿಸಿ, "ಕ್ಯಾಮೆರಾದ್ದು ತಪ್ಪಲ್ಲ ದೊಡ್ಡಮ್ಮ, ಲೈಟಿಂದು ತಪ್ಪು," ಎನ್ನುತ್ತಿದ್ದೆ. ಹೊಯ್ಸಳರ ಶಿಲ್ಪಿಗಳು ಮೂರ್ತಿಗಳ ಅಡಿಯಲ್ಲಿ ತಮ್ಮ ಹೆಸರನ್ನೂ ಬಿರುದನ್ನೂ ಕೆತ್ತಿಕೊಂಡಿದ್ದಾರೆ. ಹುಡುಕಿ ನೋಡಿ, ಒಬ್ಬನಾದರೂ 'ಕಲ್ಲಿಂದು ತಪ್ಪು' ಎಂದು ಕೆತ್ತಿಲ್ಲ.

ಅಲ್ಲಿಂದ ಹಳೇಬೀಡಿಗೆ ಹೋದೆವು. ಗುಡಿಯ ಗೋಡೆಯ ಆನೆಗಳ ಸಾಲು ಮುಗಿಯುವ ಮೊದಲೇ ಬ್ಯಾಟರಿ ಕೊನೆಯ ಗೆರೆಗೆ ಬಂತು. ಇನ್ನು ಉಳಿದದ್ದು ಪಕ್ಕದ ಬಸ್ತಿಹಳ್ಳಿಯ ಬಸದಿ. ಅಲ್ಲಿಯ ಕರಿಕಲ್ಲಿನ ಕಂಬಗಳ ನುಣುಪು ಎಂಥದ್ದೆಂದರೆ ಎದುರು ನಿಂತವರ ಮುಖ ಅದರಲ್ಲಿ ಕಾಣುತ್ತದೆ. ದೊಡ್ಡಪ್ಪ ಕಂಬದ ಮುಂದೆ ನಿಂತು ಕೂದಲು ಸರಿಮಾಡಿಕೊಂಡರು. "ಇದರಲ್ಲಿ ಚೆನ್ನಾಗಿ ಬರುತ್ತೆ," ಎಂದರು. ಅದು ಆ ದಿನದ ಅವರ ಮೊದಲ ಮಾತು. ಕಾಲರನ್ನೂ ಎಳೆದುಕೊಂಡು, "ಬ್ಯಾಟರೀನೂ ಬೇಡ," ಎಂದರು.

ಬಸದಿಯ ಮೆಟ್ಟಿಲ ಮೇಲೆ ಇಬ್ಬರನ್ನೂ ಕೂರಿಸಿ ನನ್ನ ಸರಕನ್ನೆಲ್ಲ ಸುರಿದೆ. ಜಾವಗಲ್ಲಿನ ಬಸ್ಸಿನ ಕಂಡಕ್ಟರನಾದೆ, ಕೊಬ್ಬರಿ ವ್ಯಾಪಾರಿಯಾದೆ, ಪ್ಲಾಟ್‌ಫಾರ್ಮಿನ ಧ್ವನಿವರ್ಧಕವಾದೆ. ಚೌಕ ದೊಡ್ಡಪ್ಪನ ಮುಖದ ಮೇಲೆ ಕೂತೇ ಇತ್ತು, ಒಲ್ಲೆ ಎನ್ನುತ್ತಲೇ ಇತ್ತು. ಕೊನೆಗೆ ಇಷ್ಟು ವರ್ಷ ಅವರ ಬೆನ್ನ ಹಿಂದೆ ಮಾತ್ರ ಮಾಡುತ್ತಿದ್ದದ್ದನ್ನು ಎದುರಿಗೇ ಮಾಡಿದೆ. ಅವರ ದನಿಯಲ್ಲೇ, "ಎಲ್ಲಿಗೆ? ಜೋರಾಗಿ ಹೇಳಿ. ಫಾರಂ ಪೂರ್ತಿ ತುಂಬಿಲ್ಲ. ಮುಂದಿನವರು ಬನ್ನಿ," ಎಂದೆ.

ದೊಡ್ಡಪ್ಪ ನನ್ನನ್ನು ಅರ್ಜಿ ನೋಡುವ ಹಾಗೆ ಮೇಲಿಂದ ಕೆಳಗೆ ನೋಡಿದರು.

"ಕತ್ತು ಇನ್ನೂ ಬಗ್ಗಿಸ್ಬೇಕು," ಎಂದರು. "ತೂತು ಕೆಳಗಿರುತ್ತೆ."

ಆಮೇಲೆ, ನನಗೆ ಏನಾಗುತ್ತಿದೆ ಎಂದು ತಿಳಿಯುವ ಮೊದಲೇ, ಅವರ ಹುಬ್ಬು ಎರಡೂ ಹಣೆಯ ತನಕ ಏರಿದವು. ನನ್ನದೇ ದನಿ, ನನ್ನದೇ ರಾಗ ಅವರ ಬಾಯಿಂದ ಬಂತು: "ಕ್ಯಾಮೆರಾದ್ದು ತಪ್ಪಲ್ಲ ದೊಡ್ಡಮ್ಮಾ, ಲೈಟಿಂದು ತಪ್ಪು."

ದೊಡ್ಡಮ್ಮ ಸೆರಗನ್ನು ಬಾಯಿಗೆ ತರುವಷ್ಟರಲ್ಲಿ ನಗು ಹೊರಬಿದ್ದಿತ್ತು. ನನ್ನ ಕೈಯೂ ನಗುವಿಗೆ ನಡುಗಿತು. ಕ್ಯಾಮೆರಾ ತನ್ನ ಪದ್ಧತಿಯಂತೆ ಕೊಂಚ ಯೋಚಿಸಿ, ತಡವಾಗಿ ಕ್ಲಿಕ್ಕಿಸಿ, ಬ್ಯಾಟರಿ ಮುಗಿದು ಕಣ್ಣು ಮುಚ್ಚಿತು. ಆ ತಡವೇ ನಮ್ಮನ್ನು ಕಾಪಾಡಿದ್ದು. ಅಷ್ಟರಲ್ಲಿ ದೊಡ್ಡಪ್ಪ ಹೆಂಡತಿಯ ಕಡೆ ತಿರುಗಿ ನಕ್ಕಿದ್ದರು.

"ಎಲ್ಲಿ ಕಲಿತಿರಿ ದೊಡ್ಡಪ್ಪ?" ಎಂದು ಬಸ್ಸಿನಲ್ಲಿ ಕೇಳಿದೆ.

"ಗಾಜು ಮಬ್ಬು ಕಣೋ. ಮುಖ ಕಾಣ್ತಿರಲಿಲ್ಲ. ಬರೀ ದನಿ," ಎಂದರು. ಮನೆಗೆ ಹೋಗಿ ಆ ದಿನದ ಪ್ರಯಾಣಿಕರನ್ನೆಲ್ಲ ಮಾಡಿ ತೋರಿಸುತ್ತಿದ್ದರು, ನೋಡುವವಳು ತಾನೊಬ್ಬಳೇ ಎಂದು ದೊಡ್ಡಮ್ಮ ಆಗ ಬಾಯಿಬಿಟ್ಟರು. ನಾನು ಆ ಮನೆತನದ ಮೊದಲನೆಯ ಕಲಾವಿದನಲ್ಲ. ಬಾಯಿ ಬಿಗಿ ಇಲ್ಲದ ಮೊದಲನೆಯವನು, ಅಷ್ಟೆ.

ಪ್ರೆಸ್ಸಿನವರು ಫೋಟೋ ನೋಡಿ ಮುಖ ಹಿಂಡಿದರು. "ಶೇಕ್ ಆಗಿದೆಯಲ್ಲಮ್ಮ."

"ನಗೋವಾಗ ಮನುಷ್ಯ ಅಲ್ಲಾಡದೆ ಇರ್ತಾನೇನಪ್ಪ? ಹಾಕಿ ಅದನ್ನೇ," ಎಂದರು ದೊಡ್ಡಮ್ಮ.

ಪತ್ರಿಕೆ ಈಗ ನನ್ನ ಮೇಜಿನ ಮೇಲಿದೆ. ದೊಡ್ಡಪ್ಪನ ತುಟಿಯಲ್ಲಿ ಅವರದೇ ನಗು ಬಂದಾಗಿದೆ. ಹಣೆಗೇರಿದ ಹುಬ್ಬುಗಳು ಮಾತ್ರ ಇನ್ನೂ ಇಳಿದಿಲ್ಲ. ಫೋಟೋದಲ್ಲಿ ನಾನೆಲ್ಲೂ ಇಲ್ಲ. ಆದರೂ ನಾನು ಚೆನ್ನಾಗಿ ಬಂದಿರುವುದು ಇದೊಂದರಲ್ಲೇ.