ತುಂಡಾದ ಸ್ಪೇಸ್‌ಬಾರು

ರಾಜಶ್ರೀಯ ಬಲಗೈ ಕಿರುಬೆರಳು ಹೋದದ್ದು ಬಿಟಿಎಂ ಲೇಔಟಿನ ಅವಳ ಬಾಡಿಗೆ ಮನೆಯ ಕಬ್ಬಿಣದ ಗೇಟಿಗೆ ಸಿಕ್ಕಿ. ಆಸ್ಪತ್ರೆಯಲ್ಲಿ ನನ್ನನ್ನು ಕಂಡೊಡನೆ ಕೇಳಿದಳು, "ಅಕ್ಕಾ, ಇನ್ನ ಬ್ಯಾಕ್‌ಸ್ಪೇಸ್ ಹೆಂಗ ಒತ್ತಲಿ?"

ನನಗೆ ಸಿಟ್ಟೇ ಬಂತು. ಬೆರಳು ಹೋಗಿದೆ, ಇವಳಿಗೆ ಅದು ಒತ್ತುತ್ತಿದ್ದ ಅಳಿಸುವ ಕೀಯ ಚಿಂತೆ! ಆದರೆ ನಮ್ಮ ಹೊಟ್ಟೆಪಾಡೇ ಅದು. ಡಾಕ್ಟರುಗಳು ರೆಕಾರ್ಡ್ ಮಾಡಿ ಕಳಿಸುವ ರೋಗಿಗಳ ವಿವರವನ್ನು ಹೆಡ್‌ಫೋನಿನಲ್ಲಿ ಕೇಳಿ ಟೈಪ್ ಮಾಡುವ ಕೆಲಸ. ಜಯನಗರದ ಆಫೀಸಿನಲ್ಲಿ ನಮ್ಮಿಬ್ಬರದು ಅಕ್ಕಪಕ್ಕದ ಸೀಟು. ಎಲ್ಲರಿಗಿಂತ ಅವಳೇ ಚುರುಕು, ಅದರ ಜಂಬವೂ ಸ್ವಲ್ಪ ಇತ್ತು. ಈಗ ರಜೆ ಮುಗಿಸಿ ಬಂದಾಗ ಸ್ಪೀಡ್ ಟೆಸ್ಟ್ ಪಾಸಾದರಷ್ಟೇ ಕೆಲಸ ಎಂದಿದ್ದರು.

ಗಾಯ ಮಾಗುವ ಮೊದಲೇ ಅವಳು ತನ್ನ ಕೈಗೆ ಹೊಂದುವ ಕೀಬೋರ್ಡ್ ಕಟ್ಟಲು ಕೂತಳು. ಬೋರ್ಡು, ಸ್ವಿಚ್ಚುಗಳನ್ನು ಆನ್‌ಲೈನಿನಲ್ಲಿ ತರಿಸಿದಳು. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿನಿಂದ ಬೆಸುಗೆ ಕಡ್ಡಿ ತಂದು, ವೀಡಿಯೊ ನೋಡಿ ಬೆಸೆಯುವುದನ್ನು ಕಲಿತಳು. ಉಳಿದ ಬೆರಳುಗಳನ್ನೂ ಸುಟ್ಟುಕೊಂಡು ನನ್ನಿಂದ ಬೈಸಿಕೊಂಡಳು. ಉದ್ದನೆಯ ಸ್ಪೇಸ್‌ಬಾರಿನ ಜಾಗದಲ್ಲಿ ಎರಡು ಗಿಡ್ಡ ಕೀ ಕೂರಿಸಿದಳು: ಎಡ ಹೆಬ್ಬೆರಳಿಗೆ ಸ್ಪೇಸು, ಬಲ ಹೆಬ್ಬೆರಳಿಗೆ ಬ್ಯಾಕ್‌ಸ್ಪೇಸು. ಭಾನುವಾರ ಚಿಕ್ಕಲಸಂದ್ರದ ನನ್ನ ಮನೆಯಿಂದ ಬಸ್ಸು ಹಿಡಿದು ಅವಳಲ್ಲಿಗೆ ಹೋದರೆ ಮೆಟ್ಟಿಲಲ್ಲೇ ಟಕಟಕ ಸದ್ದು ಕೇಳಿಸುತ್ತಿತ್ತು.

"ನೋಡ್ರಿ ಅಕ್ಕಾ, ಹಳೇ ಸ್ಪೀಡ್ ಬಂತು!" ಎಂದು ಒಂದು ದಿನ ಕುಣಿದಾಡಿಬಿಟ್ಟಳು. ನಾನೂ ಕುಣಿದೆ.

ಕೆಲಸಕ್ಕೆ ಮರಳಿದ ದಿನ ಸೆಕ್ಯುರಿಟಿಯವನು ಕೀಬೋರ್ಡಿದ್ದ ಅವಳ ಬಟ್ಟೆ ಚೀಲ ಬಿಚ್ಚಿಸಿ ತಡೆದ. ರೋಗಿಗಳ ವಿವರ ಹೊರಗೆ ಹೋಗಬಾರದೆಂದು ನಾವು ಮೊಬೈಲು, ಪೆನ್ನು ಕೂಡ ಲಾಕರಿನಲ್ಲಿಟ್ಟು ಒಳಗೆ ಹೋಗುವವರು. ದಿನಾ ಇಡುತ್ತಿದ್ದರೂ ಕೀಬೋರ್ಡಿಗೂ ಅದೇ ನಿಯಮ ಅಂತ ಇಬ್ಬರ ತಲೆಗೂ ಹೊಳೆದಿರಲಿಲ್ಲ. ಅದನ್ನು ನಾವು ಯಂತ್ರವೆಂದು ಎಣಿಸಿದ್ದೇ ಇಲ್ಲ, ನಮಗದು ಕೈಯೇ.

ಟೀಮ್ ಲೀಡರ್ ಲಿಖಿತ್ ಓಡಿ ಬಂದು ನನಗೆ ಹೇಳಿದ. "ಯಾವುದಾದ್ರೂ ಕಂಪನಿ ಮಾಡಿದ್ದಾಗಿದ್ರೆ ಪರ್ಮಿಷನ್ ಕೇಳ್ಬಹುದಿತ್ತು, ಪದ್ಮಶ್ರೀ ಮೇಡಂ. ಮನೇಲಿ ಮಾಡಿದ್ದು, ಒಳಗೆ ಏನಿದೆ ಅಂತ ಯಾರು ಒಪ್ತಾರೆ?"

"ಒಳಗೆ ಏನ್ರೀ ಇರತ್ತೆ? ಇವಳ ಕಷ್ಟ ಇದೆ!" ಎಂದು ಎಗರಾಡಿದೆ. ಅವನು ಕೀಬೋರ್ಡನ್ನು ಲಾಕರಿನಲ್ಲಿ ಇಡಿಸಿದ.

ಟೆಸ್ಟು ಆಫೀಸಿನ ಕೀಬೋರ್ಡಿನಲ್ಲೇ ನಡೆಯಿತು. ತಪ್ಪಾದಾಗಲೆಲ್ಲ ಅಳಿಸಲು ಅವಳ ಬಲ ಹೆಬ್ಬೆರಳು ತಾನಾಗಿ ಕೆಳಕ್ಕೆ ಹೋಗುತ್ತಿತ್ತು. ಅಲ್ಲಿದ್ದದ್ದು ಹಳೆಯ ಉದ್ದ ಸ್ಪೇಸ್‌ಬಾರು. ತಪ್ಪು ಹಾಗೇ ಉಳಿದು ಅದರ ಪಕ್ಕ ಖಾಲಿ ಜಾಗ ಬೆಳೆಯುತ್ತಿತ್ತು. ಅರ್ಧಕ್ಕೇ ಅವಳು ಕೈ ತೆಗೆದಳು.

ಮುಂದಿನ ವಾರ ಇನ್ನೊಂದು ಟೆಸ್ಟ್, ಅದೇ ಕೊನೆಯದು ಎಂದ ಲಿಖಿತ್.

ಸಂಜೆ ಅವಳ ಜೊತೆಗೇ ಮನೆಗೆ ಹೋದೆ. ಹೋದವಳೇ ಬೆಸುಗೆ ಕಡ್ಡಿ ಕಾಯಿಸಿದಳು.

"ಏನ್ ಮಾಡ್ತಿದೀಯೇ?"

"ಆಫೀಸಿನ ಕೀಬೋರ್ಡ್ ಹೆಂಗೈತೋ ಹಂಗ ಮಾಡ್ತೀನ್ರಿ. ಅದರ ಮ್ಯಾಲೇ ಪ್ರ್ಯಾಕ್ಟೀಸ್ ಮಾಡಬೇಕಲ್ಲ. ಇದು ಹಿಂಗೇ ಇದ್ರ ಹೆಬ್ಬೆರಳು ಚಟ ಬಿಡಂಗಿಲ್ರಿ."

ಗಿಡ್ಡ ಕೀಗಳೆರಡನ್ನೂ ಕಿತ್ತಳು. ಬೇಡವೆನ್ನೋಣವೆಂದರೆ ನನ್ನಲ್ಲಿ ಬೇರೆ ದಾರಿ ಇರಲಿಲ್ಲ. ಬ್ಯಾಕ್‌ಸ್ಪೇಸನ್ನು ಮೇಲಿನ ಬಲಮೂಲೆಗೆ ಹಾಕಿ, ಬೆರಳುಗಳನ್ನು ಹಳೆಯ ಸಾಲಿನ ಮೇಲಿಟ್ಟು, ಅದನ್ನು ಒತ್ತಲು ನೋಡಿದಳು. ಇಲ್ಲದ ಬೆರಳಿನ ಬುಡ ಎರಡು ಸಲ ಅಲುಗಿತು.