ಬೆಳ್ಳುಳ್ಳಿ ಹಾಕಿಲ್ಲ ಎಂದ ಮೂರು ದಿನ

ನಮ್ಮ ಹೋಟೆಲಿನಲ್ಲಿ ಒಂದು ಪದ್ಧತಿ ಇದೆ. ಬೆಳಿಗ್ಗೆ ಮೊದಲ ಗಿರಾಕಿಗೆ ಬಡಿಸುವ ಮುಂಚೆ ಯಜಮಾನನಾದವನು ಸಾಂಬಾರನ್ನು ಒಂದು ಸಣ್ಣ ಸ್ಟೀಲ್ ಬಟ್ಟಲಿಗೆ ಹಾಕಿಕೊಂಡು, ಒಲೆಯ ಪಕ್ಕದಲ್ಲಿ ನಿಂತೇ ಕುಡಿಯಬೇಕು. ಮಾವ ಉಡುಪಿ ಕಡೆಯಿಂದ ದೆಹಲಿಗೆ ಬಂದು ಪೀತಮ್‌ಪುರದಲ್ಲಿ ಈ ಹೋಟೆಲು ಶುರುಮಾಡಿದಾಗಿನಿಂದ ಇದು ನಡೆದು ಬಂದಿದೆ. ತಾನು ಕುಡಿಯಲಾರದ್ದನ್ನು ಇನ್ನೊಬ್ಬನಿಗೆ ಬಡಿಸಬಾರದು ಎಂದು ಅವರ ಲೆಕ್ಕ. ಮಾವನ ನಂತರ ಬಟ್ಟಲು ನಮ್ಮವರ ಕೈಗೆ ಬಂತು. ಈಗ ನನ್ನ ಕೈಯಲ್ಲಿದೆ. ಅದು ನನ್ನ ಕೈಗೆ ಬಂದ ಬಗೆಯನ್ನು ಯಾರ ಹತ್ತಿರವೂ ಪೂರ್ತಿ ಹೇಳಿಲ್ಲ.

ಮಾವನ ಸಾಂಬಾರಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರಲಿಲ್ಲ. ಊರಿನ ರೀತಿ ಅದು. ಪೀತಮ್‌ಪುರದವರಿಗೆ ಅದು ಸಪ್ಪೆ ಎನಿಸುತ್ತಿತ್ತು. ನಮ್ಮಲ್ಲಿ ದಿನಾ ಬರುವ ನಿವೃತ್ತ ಮೇಷ್ಟರೊಬ್ಬರಿದ್ದಾರೆ. ಎಲ್ಲರೂ ಅವರನ್ನು ಅಂಕಲ್‌ಜೀ ಅನ್ನುತ್ತಾರೆ. ಅವರೊಮ್ಮೆ ಚಮಚ ಕೆಳಗಿಟ್ಟು, "ಬೇಟಾ, ಯೇ ಸಾಂಭರ್ ಹೈ ಯಾ ಮರೀಜ್ ಕಾ ಖಾನಾ?" ಎಂದರು. ರೋಗಿಗೆ ಕೊಡುವ ಗಂಜಿಯೋ ಇದು ಎಂದು ಕೇಳಿದ ಹಾಗೆ. ಸುತ್ತಲಿನ ಟೇಬಲ್‌ನವರು ನಕ್ಕರು. ಮಸಾಲೆಗೆ ಈರುಳ್ಳಿ, ಬೆಳ್ಳುಳ್ಳಿ ಹುರಿದು ಹಾಕೋಣ ಎಂದು ಅವತ್ತೇ ಹೇಳಿದವಳು ನಾನು. ನಮ್ಮವರು ಎರಡು ದಿನ ಗೊಣಗಿ ಒಪ್ಪಿದರು. ಮಸಾಲೆ ಹುರಿದು ರುಬ್ಬುವುದು ನನ್ನ ಕೆಲಸವಾಯಿತು. ಕುರ್ಚಿಗಳು ತುಂಬತೊಡಗಿದವು. ಆ ಹೆಮ್ಮೆ ನನಗೆ ಬಹಳ ವರ್ಷ ಇತ್ತು.

ನಮ್ಮವರ ಹೊಟ್ಟೆ ಯಾವಾಗ ಕೆಟ್ಟಿತು ಎಂದು ಕರಾರುವಾಕ್ಕಾಗಿ ಹೇಳಲಾರೆ. ಮೊದಲು ಉಬ್ಬರ, ಆಮೇಲೆ ಹಿಂಡುವ ನೋವು. ಒಂದು ವಾರ ಮಲಬದ್ಧತೆ, ಮುಂದಿನ ವಾರ ಐದಾರು ಸಲ ಓಡುವುದು. ಮೆಟ್ರೊ ಹತ್ತುವ ಮೊದಲು ಯಾವ ಸ್ಟೇಷನ್ನಿನಲ್ಲಿ ಶೌಚಾಲಯ ಇದೆ ಎಂದು ನೋಡಿಕೊಳ್ಳುತ್ತಿದ್ದರು. ರಕ್ತ, ಸ್ಕ್ಯಾನಿಂಗ್, ಕೊಳವೆ ಇಳಿಸಿ ನೋಡುವುದು, ಎಲ್ಲ ಆಯಿತು. ಡಾಕ್ಟರು ಕಡತ ಮುಚ್ಚಿ, "ಸಬ್ ನಾರ್ಮಲ್ ಹೈ," ಎಂದರು. ಮುಂದೆಯೂ ಏನೋ ಹೇಳಿದರು. ಕರುಳು ನೋಡಲಿಕ್ಕೆ ಸರಿಯಾಗಿದೆ, ಅದು ಕೆಲಸ ಮಾಡುವ ರೀತಿ ಹದ ತಪ್ಪಿದೆ, ಇದೂ ಒಂದು ಕಾಯಿಲೆಯೇ, ಯಾವ ಆಹಾರಕ್ಕೆ ಕೆರಳುತ್ತದೆ ಎಂದು ಹುಡುಕಬೇಕು ಎಂದು. ನಾನು ಮನೆಗೆ ಹೊತ್ತು ತಂದದ್ದು ಮೊದಲ ಮಾತನ್ನು ಮಾತ್ರ. ನಾರ್ಮಲ್ ಅಂದರೆ ನನ್ನ ಕಿವಿಗೆ 'ಏನೂ ಇಲ್ಲ' ಎಂದೇ ಕೇಳಿಸಿತು. ಏನೂ ಇಲ್ಲದಿದ್ದ ಮೇಲೆ ನೋವು ಎಲ್ಲಿಂದ ಬರಬೇಕು?

ನವರಾತ್ರಿ ಬಂದರೆ ಪೀತಮ್‌ಪುರ ಪೂರ್ತಿ ಬದಲಾಗುತ್ತದೆ. ಒಂಬತ್ತು ದಿನ ಈರುಳ್ಳಿ, ಬೆಳ್ಳುಳ್ಳಿ ಮುಟ್ಟದವರೇ ಹೆಚ್ಚು. ನಾವೂ ಬಾಗಿಲಲ್ಲಿ 'ಬಿನಾ ಪ್ಯಾಜ್ ಲಹಸುನ್' ಎಂದು ಬೋರ್ಡ್ ಹಾಕಿ ಮಾವನ ಕಾಲದ ಸಾಂಬಾರು ಮಾಡುತ್ತೇವೆ. ಆ ಒಂಬತ್ತು ದಿನ ನಮ್ಮವರು ಬೇರೆಯೇ ಮನುಷ್ಯ. ಸೊಂಟಕ್ಕೆ ಟವೆಲ್ ಬಿಗಿದು, ವಡೆ ತಟ್ಟುತ್ತಾ ಏನೋ ಹಾಡು ಗುನುಗುತ್ತಿದ್ದರು. ಹತ್ತನೆಯ ದಿನ ಬೋರ್ಡ್ ತೆಗೆದರೆ ಹನ್ನೆರಡನೆಯ ದಿನ ಮತ್ತೆ ಹೊಟ್ಟೆ ಹಿಡಿದು ಕೂರುವುದು. ಇದು ನನ್ನ ಕಣ್ಣೆದುರೇ ವರ್ಷಕ್ಕೆ ಎರಡು ಸಲ ನಡೆಯುತ್ತಿತ್ತು. ನಾನು ಬಿ.ಎಸ್ಸಿ. ಓದಿದವಳು. ನನಗೆ ಹೊಳೆಯಬೇಕಿತ್ತು. ನಾನು ಅಂದದ್ದು ಬೇರೆ.

"ದೇವಿ ಬಂದ್ರೆ ನಿಮ್ಮ ಹೊಟ್ಟೆಗೂ ರಜೆ ಸಿಗ್ತದಾ?"

"ತಮಾಷೆ ಅಲ್ಲ ಮಾರಾಯ್ತಿ. ಎಂತದೋ ಉಂಟು ಅದರಲ್ಲಿ," ಎಂದರು ಅವರು. ಕೊನೆಗೆ ಅವರೇ ಕಂಡುಕೊಂಡರು. ಈರುಳ್ಳಿ, ಬೆಳ್ಳುಳ್ಳಿ ತನಗೆ ಆಗುವುದಿಲ್ಲ ಎಂದು ಸಾಂಬಾರು ಕುಡಿಯುವುದನ್ನು ನಿಲ್ಲಿಸಿದರು. ಬೆಳಿಗ್ಗೆ ಸೌಟಿನಲ್ಲಿ ಎತ್ತಿ ಬಣ್ಣ ನೋಡುವರು, ಮೂಸುವರು, ಮತ್ತೆ ಪಾತ್ರೆಗೆ ಸುರಿಯುವರು. ಬಟ್ಟಲು ಗೂಡಿನಲ್ಲೇ ಬೋರಲು ಬಿದ್ದಿರುತ್ತಿತ್ತು. ಒಂದು ದಿನ ಉಪ್ಪು ಎರಡು ಸಲ ಬಿತ್ತು, ಯಾರಿಗೂ ಗೊತ್ತಾಗಲಿಲ್ಲ. ಅಂಕಲ್‌ಜೀ ತಟ್ಟೆ ದೂಡಿ ಎದ್ದು ಹೋದರು. ಅವತ್ತು ನಾನು ನಮ್ಮವರಿಗೆ ಆಡಿದ ಮಾತು ಈಗಲೂ ಬಾಯಲ್ಲಿ ಕಹಿ. "ರಿಪೋರ್ಟ್ ನಾರ್ಮಲ್, ಡಾಕ್ಟರ್ ನಾರ್ಮಲ್ ಅಂತಾರೆ. ನಾಟಕ ಯಾರಿಗೆ ತೋರಿಸ್ತೀರಿ?"

ಅವರು ಅಂಕಲ್‌ಜೀ ಬಿಟ್ಟು ಹೋದ ತಟ್ಟೆ ಎತ್ತಿಕೊಂಡು ತೊಳೆಯಲು ಹೋದರು.

ಆಮೇಲೆ ನನ್ನ ತಲೆಯಲ್ಲಿ ಒಂದು ಪರೀಕ್ಷೆ ಹುಟ್ಟಿತು. ತಿಳಿಯದೆ ತಿಂದರೆ ಏನೂ ಆಗದಿದ್ದರೆ ಇದೆಲ್ಲ ಮನಸ್ಸಿನದ್ದೇ ಎಂದು ಸಾಬೀತಾಗುತ್ತದೆ ಎಂದುಕೊಂಡೆ. ಒಂದು ಸೋಮವಾರ ಬೆಳಿಗ್ಗೆ ಈರುಳ್ಳಿ, ಬೆಳ್ಳುಳ್ಳಿಯನ್ನು ತೆಂಗಿನಕಾಯಿಯ ಜೊತೆ ಕೆಂಪಗೆ ಹುರಿದು, ಮಸಾಲೆಯಲ್ಲಿ ಗುರುತೇ ಸಿಗದ ಹಾಗೆ ನುಣ್ಣಗೆ ರುಬ್ಬಿದೆ. ಮೇಲೆ ಹಾಕುವ ಈರುಳ್ಳಿ ಹೋಳು ಬಿಟ್ಟೆ. ಬಟ್ಟಲು ತೊಳೆದು ಅವರ ಮುಂದೆ ಹಿಡಿದೆ.

"ಇವತ್ತಿಂದ ಈರುಳ್ಳಿ, ಬೆಳ್ಳುಳ್ಳಿ ಹಾಕಿಲ್ಲ ರೀ. ನವರಾತ್ರಿಯಲ್ಲಿ ತಿನ್ನೋರು ಬಾಕಿ ದಿನವೂ ತಿನ್ಲಿ."

"ಹೌದಾ? ಅಂಕಲ್‌ಜೀ ಬಿಟ್ಟಾರಾ?"

"ಬಿಡದೆ ಏನು. ಕುಡೀರಿ."

ಅವರ ಮುಖ ಅರಳಿತು. ನಾನು ಹೋಟೆಲಿನ ರುಚಿಯನ್ನೇ ತನಗಾಗಿ ಬದಲಾಯಿಸಿದೆ ಎಂದು ತಿಳಿದರು. ಒಂದು ಬಟ್ಟಲು ಕುಡಿದು, ಇನ್ನೊಂದು ಹಾಕಿಸಿಕೊಂಡು ಕುಡಿದರು. ಅಷ್ಟು ವರ್ಷ ಅಡುಗೆ ಮಾಡಿದ ಮನುಷ್ಯನಿಗೆ ವಾಸನೆ ಹೇಗೆ ತಿಳಿಯಲಿಲ್ಲ ಎಂದು ಈಗ ಯೋಚಿಸುತ್ತೇನೆ. ಪಕ್ಕದ ಒಲೆಯಲ್ಲಿ ಕೆಂಪು ಚಟ್ನಿಗೆ ಬೆಳ್ಳುಳ್ಳಿ ಬಾಡುತ್ತಿತ್ತು, ಅದರ ವಾಸನೆ ಇಡೀ ಅಡುಗೆಮನೆಯಲ್ಲಿತ್ತು. ಅಥವಾ ಮೂಗಿಗಿಂತ ನನ್ನ ಮಾತನ್ನು ಹೆಚ್ಚು ನಂಬಿದರೋ ಏನೋ.

ಅವತ್ತು ಅವರು ನೋವು ಎನ್ನಲಿಲ್ಲ. ನಾನು ಒಳಗೊಳಗೇ ಗೆದ್ದೆ. ಆದರೆ ಸಂಜೆ ಅವರು ಅಕ್ಕಿಮೂಟೆಗಳ ಕೋಣೆಯಲ್ಲಿ ಹೊಟ್ಟೆ ಒತ್ತಿಕೊಂಡು ಕೂತದ್ದು ನನಗೆ ತಿಳಿದದ್ದು ಆಮೇಲೆ. ಸಾಂಬಾರಿನ ಮೇಲೆ ಅವರಿಗೆ ಅನುಮಾನವೇ ಬರಲಿಲ್ಲ, ಅದು ನಾನು ಕೊಟ್ಟದ್ದು. ಮೊಸರಿನ ಮೇಲೆ ಬಂತು. ಮಂಗಳವಾರ ಮೊಸರು ಬಿಟ್ಟರು, ಸಾಂಬಾರು ಕುಡಿದರು. ಮತ್ತೆ ನೋವು. ಈ ಸಲ ಅನುಮಾನ ಅನ್ನದ ಮೇಲೆ ಬಂತು. ಬುಧವಾರ ಅನ್ನವನ್ನೂ ಬಿಟ್ಟು, ಕಪ್ಪು ಚಹಾ ಮತ್ತು ಬೆಳಗಿನ ಎರಡು ಬಟ್ಟಲು ಸಾಂಬಾರು ಮಾತ್ರ ಕುಡಿದು ಒಲೆಯ ಮುಂದೆ ನಿಂತರು. ತನಗೆ ಆಗುವುದು ಅದೊಂದೇ ಎಂದು ತಿಳಿದು.

ಮಧ್ಯಾಹ್ನ ಊಟದ ಹೊತ್ತು. ಸಾಂಬಾರಿನ ದೊಡ್ಡ ಪಾತ್ರೆ ಮೊಣಕಾಲೆತ್ತರದ ಒಲೆಯ ಮೇಲೆ ಕೊತಕೊತ ಕುದಿಯುತ್ತಿತ್ತು. ನಾನು ತಟ್ಟೆ ತೆಗೆದುಕೊಳ್ಳಲು ಒಳಗೆ ಬಂದಿದ್ದೆ, ಕೈಯಲ್ಲಿ ಪಾತ್ರೆ ಹಿಡಿಯುವ ದಪ್ಪ ಬಟ್ಟೆ ಇತ್ತು.

"ಬೇಗ ರೀ, ನಾಲ್ಕು ತಟ್ಟೆ."

"ಬಂತು, ಬಂತು," ಎಂದರು. ಬಗ್ಗಿ ಸೌಟು ಇಳಿಸಿದರು. ಎಡಗೈ ಹೊಟ್ಟೆಗೆ ಹೋಯಿತು. ನನಗೆ ಆಗ ಬಂದ ಯೋಚನೆ ಒಂದೇ, 'ಶುರುವಾಯಿತು ನೋಡು.' ಸೌಟು ಪಾತ್ರೆಯೊಳಗೆ ಬಿತ್ತು. ಅವರ ಕತ್ತು ಒಂದು ಕಡೆ ವಾಲಿತು, ಇಡೀ ದೇಹ ಮುಂದಕ್ಕೆ, ಆ ಕುದಿಯುವುದರ ಮೇಲಕ್ಕೆ ಬಾಗುತ್ತಾ ಬಂತು. ನಿಧಾನವಾಗಿ ಬಂದ ಹಾಗೆ ನನಗೆ ನೆನಪು. ಅಷ್ಟು ನಿಧಾನವಾಗಿ ಇರಲಿಕ್ಕೆ ಸಾಧ್ಯವಿಲ್ಲ.

ನನ್ನ ಕೈ ಮೊದಲು ಹೋದದ್ದು ಪಾತ್ರೆಗೆ. ಅವರಿಗಲ್ಲ. ಬಟ್ಟೆಯಿಂದ ಅಂಚು ಹಿಡಿದು ಆಚೆ ತಳ್ಳಿದೆ, ಆಮೇಲೆ ಇನ್ನೊಂದು ಕೈಯಿಂದ ಅವರ ಬನಿಯನ್ ಸಿಕ್ಕಿತು, ಹರಿಯಿತು. ದೋಸೆ ಹುಯ್ಯುತ್ತಿದ್ದ ವಯಸ್ಸಾದ ಅಡುಗೆಯವರು ಹಿಂದಿನಿಂದ ಸೊಂಟ ಹಿಡಿದು ಎಳೆದರು. ಚೆಲ್ಲಿದ ಸಾಂಬಾರು ನಮ್ಮವರ ಬಲಗೈ ಮೇಲೆ ಮೊಣಕೈವರೆಗೆ ಬಿತ್ತು. ನೆಲದ ಮೇಲೆ ಕೂರಿಸಿದಾಗ ತುಟಿ ಬೆಳ್ಳಗಾಗಿತ್ತು. ಹೊರಗೆ ಯಾರೋ "ಭಯ್ಯಾ, ಸಾಂಭರ್!" ಎಂದು ಕೂಗುತ್ತಲೇ ಇದ್ದರು.

ಪಾತ್ರೆ ತಳ್ಳಿದ್ದಕ್ಕೇ ನಮ್ಮವರ ಮುಖ ಸುಡದೆ ಉಳಿಯಿತು ಎಂದು ಆ ಅಡುಗೆಯವರು ಎಲ್ಲರಿಗೂ ಹೇಳಿದರು. ಇರಬಹುದು. ನಾನು ಅವರನ್ನು ಉಳಿಸಲು ತಳ್ಳಿದೆನೋ, ಸಾಂಬಾರನ್ನು ಉಳಿಸಲು ಹಿಡಿದೆನೋ ಎಂದು ನನಗೆ ಇಂದಿಗೂ ಗೊತ್ತಿಲ್ಲ. ಪಾತ್ರೆ ತೊಳೆಯುವಾಗ, ಮೆಟ್ರೊದಲ್ಲಿ ಕೂತಾಗ, ನನ್ನ ಆ ಕೈ ಕಣ್ಣೆದುರು ಮತ್ತೆ ಮತ್ತೆ ಪಾತ್ರೆಯ ಕಡೆಗೆ ಹೋಗುತ್ತದೆ.

ಆಸ್ಪತ್ರೆಯಲ್ಲಿ ಸುಟ್ಟ ಕೈಗೆ ಪಟ್ಟಿ ಕಟ್ಟಿದರು. ಖಾಲಿ ಹೊಟ್ಟೆ, ಮೇಲೆ ತಡೆಯಲಾರದ ನೋವು, ಒಲೆಯ ಕಾವು, ಅದಕ್ಕೇ ತಲೆ ತಿರುಗಿದೆ ಎಂದರು. ಮರುವಾರ ಆಹಾರ ತಜ್ಞೆಯ ಹತ್ತಿರ ಕಳಿಸಿದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಆ ಮೂರು ದಿನ ತಿಂದದ್ದನ್ನೆಲ್ಲ ಹೇಳಿಸಿ ಬರೆದುಕೊಂಡರು. ನಮ್ಮವರು ಶಾಲೆಯ ಹುಡುಗನ ಹಾಗೆ ಒಂದೂ ಬಿಡದೆ ಹೇಳಿದರು.

"ಸಾಂಭರ್? ಪ್ಯಾಜ್, ಲಹಸುನ್?"

"ಬಿಲ್ಕುಲ್ ನಹೀಂ ಜೀ. ಇವಳೇ ಮಾಡಿದ್ದು," ಎಂದು ನನ್ನ ಕಡೆ ಕೈ ತೋರಿಸಿದರು, ಪಟ್ಟಿ ಕಟ್ಟಿದ ಕೈ.

ಆಕೆ ಸ್ವಲ್ಪ ಯೋಚಿಸಿ, ಅವೆರಡೂ ಇಲ್ಲದೆಯೂ ನೋವು ಬಂದಿದ್ದರೆ ತೊಗರಿಬೇಳೆಯೇ ಆಗುತ್ತಿಲ್ಲವೇನೋ, ಸದ್ಯಕ್ಕೆ ಬೇಳೆ ಬೇಡ, ಮೊಸರೂ ಬೇಡ, ಅನ್ನ ನೋಡೋಣ ಎಂದು ಒಂದೊಂದಾಗಿ ಗೀಟು ಎಳೆದರು. ನಾನು ಆ ಪೆನ್ನನ್ನೇ ನೋಡುತ್ತಿದ್ದೆ. ಬಾಯಿ ತೆರೆಯಲಿಲ್ಲ. ಹಾಳೆ ಮಡಚಿ ನನ್ನ ಪರ್ಸಿಗೇ ಹಾಕಿಕೊಂಡು ಹೊರಗೆ ಬಂದೆ.

ಇ-ರಿಕ್ಷಾದಲ್ಲಿ ಅವರು ಹೇಳಿದರು. "ಬೇಳೆ ಇಲ್ಲ, ಮೊಸರಿಲ್ಲ. ಇನ್ನು ನಾನು ತಿನ್ನೋದು ಎಂತ ಮಾರಾಯ್ತಿ? ಗಾಳಿ?" ನಗಲು ನೋಡಿದರು.

ಆಗ ಹೇಳಿದೆ. ಹುರಿದದ್ದು, ರುಬ್ಬಿದ್ದು, ಮೂರೂ ದಿನ ಹಾಕಿದ್ದು. ಪರೀಕ್ಷೆ ಎಂಬ ಮಾತನ್ನೂ ಬಿಡಲಿಲ್ಲ. ಬೈಯಲಿ ಎಂದು ಕಾದೆ. ಕೆಂಪು ದೀಪದಲ್ಲಿ ರಿಕ್ಷಾ ನಿಂತಿತು. ಅವರು ಎದುರಿನ ಬಸ್ಸಿನ ಹಿಂಭಾಗ ನೋಡುತ್ತಾ ಅಂದರು.

"ಹಾಗಾದ್ರೆ ಅನ್ನ ಉಣ್ಣಬಹುದಿತ್ತಲ್ಲ."

ಅಷ್ಟೇ. ರಿಕ್ಷಾದವನಿಗೆ ತಿರುಗಿಸು ಎಂದೆ. ವಾಪಸು ಹೋಗಿ ಆ ಹೆಣ್ಣುಮಗಳ ಮುಂದೆ ನಿಂತು ಮತ್ತೆ ಎಲ್ಲ ಹೇಳಿದೆ. ಆಕೆ ಗದರಿಸಲಿಲ್ಲ. ಹಾಳೆ ಹರಿದು, "ಚಲೋ, ಫಿರ್ ಸೇ," ಎಂದು ಮೊದಲಿನಿಂದ ಬರೆಯಲು ಹೊಸದೊಂದು ತೆಗೆದರು. ಕೆಲವನ್ನು ಕೆಲವು ವಾರ ಬಿಡುವುದು, ಆಮೇಲೆ ಒಂದೊಂದನ್ನೇ ಸ್ವಲ್ಪ ಸ್ವಲ್ಪ ತಿಂದು ನೋಡುವುದು, ಒಬ್ಬರಿಗೆ ಆಗದ್ದು ಇನ್ನೊಬ್ಬರಿಗೆ ಆದೀತು, ಬಿಟ್ಟದ್ದನ್ನೆಲ್ಲ ಜನ್ಮಪೂರ್ತಿ ಬಿಡಬೇಕಾಗಿಲ್ಲ ಎಂದರು. ಕೊನೆಗೆ ನನ್ನನ್ನೇ ನೋಡಿ, ತಟ್ಟೆಯಲ್ಲಿ ಏನಿದೆ ಎಂಬುದು ತಿನ್ನುವವರಿಗೆ ಗೊತ್ತಿರದಿದ್ದರೆ ಇದು ಯಾವುದೂ ನಡೆಯುವುದಿಲ್ಲ ಎಂದರು.

ಕೆಲವು ತಿಂಗಳು ಹಿಡಿಯಿತು. ಅನ್ನ ಆಗುತ್ತದೆ. ಮೊಸರು ಆಗುತ್ತದೆ. ಬೇಳೆ ಅಳತೆಯಲ್ಲಿ ಆಗುತ್ತದೆ. ಚಪಾತಿ ಒಂದಾದರೆ ಸರಿ, ಮೂರಾದರೆ ಉಬ್ಬರ. ಈರುಳ್ಳಿ, ಬೆಳ್ಳುಳ್ಳಿ ಬೇಡ. ಅವುಗಳನ್ನು ಬಿಟ್ಟ ಮೇಲೂ ಕೆಲವು ದಿನ ಕಾರಣವಿಲ್ಲದೆ ಕೆಡುತ್ತದೆ. ನಾನು ಅಂಥ ದಿನ ಏನೂ ಕೇಳುವುದಿಲ್ಲ, ಬಿಸಿನೀರಿನ ಚೀಲ ತಂದಿಡುತ್ತೇನೆ.

ಗಿರಾಕಿಗಳ ಸಾಂಬಾರು ಹಾಗೇ ಇದೆ. ಅದನ್ನು ಬೆಳಿಗ್ಗೆ ನಿಂತು ಕುಡಿಯುವವಳು ಈಗ ನಾನು. ನಮ್ಮವರಿಗೆ ಬೇರೆ ಚಿಕ್ಕ ಪಾತ್ರೆಯಲ್ಲಿ ಮಾವನ ಕಾಲದ್ದನ್ನು ಮಾಡುತ್ತೇನೆ, ಮಸಾಲೆಗೆ ಬೇರೆ ಮಿಕ್ಸಿ ಜಾರು. ಮಧ್ಯಾಹ್ನ ಕಾಲೇಜಿನಿಂದ ಮಗಳು ಬಂದ ಮೇಲೆಯೇ ಅವರು ಊಟಕ್ಕೆ ಕೂರುವುದು. ನಾನು ಬಡಿಸುತ್ತೇನೆ. ಅವರು ನನ್ನನ್ನು ಕೇಳುವುದಿಲ್ಲ. ಅವಳನ್ನು ಕೇಳುತ್ತಾರೆ.

"ಎಂತ ಉಂಟು ನೋಡು ಮಗಾ ಇದರಲ್ಲಿ."

ಅವಳಿಗೆ ಇದೊಂದು ಆಟ. ಪಾತ್ರೆಯ ಮೇಲೆ ಬಗ್ಗಿ, ಮೂಗು ಅರಳಿಸಿ, "ಕ್ಲಿಯರ್ ಹೈ ಪಪ್ಪಾ. ನೀನು ಊಟ ಮಾಡು," ಎನ್ನುತ್ತಾಳೆ.

ಆಮೇಲೆ ಅವರು ಅನ್ನ ಕಲಸುತ್ತಾರೆ. ಅಲ್ಲಿಯವರೆಗೆ ನಾನು ಸೌಟು ಹಿಡಿದು ನಿಂತಿರುತ್ತೇನೆ.